ನಮ್ಮ ಗೋಡೆ, ಅವರ ಬೆಳಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಮತ್ತೆ ಮುಟ್ಟುವ ಕಷ್ಟದ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ಅದೊಂದು ಕಷ್ಟವೇ ಆಗಿರಲಿಲ್ಲ. ಹಿತ್ತಲ ಕಡೆಗೆ ಒಂದು ಮಾಡು ಇಳಿಸಿದರೆ ಮಗನಿಗೊಂದು ಕೋಣೆಯಾಗುತ್ತಿತ್ತು. ಇಂದು ಪಟ್ಟಣಗಳಲ್ಲಿ ಹಿತ್ತಲೇ ಉಳಿದಿಲ್ಲ. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ಸಂಸಾರ ಬೆಳೆದರೆ ಮೇಲಕ್ಕೆ ಹೋಗುವುದೊಂದೇ ದಾರಿ. ಮಗನ ಮದುವೆ ನಿಶ್ಚಯವಾದ ವಾರದಲ್ಲೇ ಮೇಸ್ತ್ರಿ ಬಂದು ತಾರಸಿಯ ಅಳತೆ ತೆಗೆಯುತ್ತಾನೆ. ಕಬ್ಬಿಣ, ಸಿಮೆಂಟು, ಜಲ್ಲಿ, ಕೂಲಿ ಎಲ್ಲದರ ಲೆಕ್ಕವನ್ನೂ ನಾವು ಸಮಾಧಾನದಿಂದ ಹಾಕುತ್ತೇವೆ. ಪರವಾನಗಿ ಎಂಬ ಮಾತು ಬಂದೊಡನೆ ಮಾತ್ರ ನಮ್ಮ ದನಿ ಬದಲಾಗುತ್ತದೆ. ನಮ್ಮ ಜಾಗ, ನಮ್ಮ ದುಡ್ಡು, ನಮ್ಮ ಮನೆ. ಇದಕ್ಕೆ ಯಾರನ್ನು ಕೇಳಬೇಕು?

ಈ ಪ್ರಶ್ನೆಯನ್ನು ಬರಿಯ ಅಹಂಕಾರದ ಮಾತೆಂದು ತಳ್ಳಿಹಾಕಲಾಗದು. ಕೊಲ್ಲಿಯ ಬಿಸಿಲಿನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಕಳಿಸಿದ ಹಣದಿಂದ ಎದ್ದ ಗೋಡೆ ಅದು. ತಾಯಿ ಬೀಡಿ ಕಟ್ಟಿ ಕೂಡಿಟ್ಟ ಹಣದಿಂದ ಹಾಕಿಸಿದ ತಾರಸಿ ಅದು. ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದ ಮೇಲೆ ಗೇಟಿನಿಂದಲೇ ಹಿಂದಿರುಗಿದವರ ಬಾಯಲ್ಲಿ ‘ಸ್ವಂತ ಮನೆ’ ಎಂಬ ಮಾತಿಗೆ ಇರುವ ತೂಕವೇ ಬೇರೆ. ಹಾಗಾಗಿ ಈ ಪ್ರಶ್ನೆಗೆ ಕಾಯ್ದೆಯ ಸೆಕ್ಷನ್ ಓದಿ ಉತ್ತರ ಕೊಟ್ಟರೆ ಸಾಲದು. ನಮ್ಮ ಮನೆಯಲ್ಲಿ ನಮ್ಮದೆಷ್ಟು, ಇತರರದ್ದೆಷ್ಟು ಎಂದು ಮೊದಲು ವಿಚಾರಿಸಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಚಿಕ್ಕದಾಗಿ ನೋಡೋಣ. ಹೊಸ ಮನೆಗೆ ಮಾತ್ರ ಲೈಸೆನ್ಸ್ ಬೇಕು, ಇದ್ದ ಮನೆಯನ್ನು ಹೇಗೆ ಬೇಕಾದರೂ ಮಾಡಿಕೊಳ್ಳಬಹುದು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಕೋಣೆ ಸೇರಿಸುವುದು, ಮಹಡಿ ಏರಿಸುವುದು, ಭಾರ ಹೊತ್ತ ಗೋಡೆ ಅಥವಾ ಕಂಬವನ್ನು ತೆಗೆಯುವುದು, ಮುಂದಿನ ಕೋಣೆಯನ್ನು ಅಂಗಡಿ ಮಾಡುವುದು, ಇವಕ್ಕೆಲ್ಲ ಪುರಸಭೆಯ ಅಥವಾ ಪಾಲಿಕೆಯ ಅನುಮತಿ ಬೇಕು. ಆದರೆ ಎಲ್ಲದಕ್ಕೂ ಬೇಕಿಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು ರಾಜ್ಯಗಳಿಗೆ ಮಾರ್ಗದರ್ಶಿಯಾಗಲೆಂದು 2016ರಲ್ಲಿ ಸಿದ್ಧಪಡಿಸಿದ ಮಾದರಿ ಕಟ್ಟಡ ಬೈಲಾದಲ್ಲಿ ಪರವಾನಗಿ ಬೇಡದ ಕೆಲಸಗಳ ಒಂದು ಪಟ್ಟಿ ಇದೆ. ಗಾರೆ ಮಾಡಿಸುವುದು, ಸುಣ್ಣ ಬಣ್ಣ ಬಳಿಸುವುದು, ನೆಲ ಹಾಸುವುದು, ಇದ್ದ ಎತ್ತರಕ್ಕೇ ಮಾಡನ್ನು ಹೊಸದಾಗಿ ಹೊದಿಸುವುದು ಮುಂತಾದವು ಅದರಲ್ಲಿವೆ. ಕಿಟಕಿ ಬಾಗಿಲು ತೆರೆಯುವುದು, ಮುಚ್ಚುವುದು ಕೂಡ ಅದೇ ಪಟ್ಟಿಯಲ್ಲಿದೆ. ಆದರೆ ಅದಕ್ಕೊಂದು ಷರತ್ತು: ಆ ಕಿಟಕಿ ಇನ್ನೊಬ್ಬರ ಆಸ್ತಿಯ ಕಡೆಗಾಗಲಿ, ಸಾರ್ವಜನಿಕ ದಾರಿಯ ಕಡೆಗಾಗಲಿ ತೆರೆಯಬಾರದು.

ಈ ಷರತ್ತಿನಲ್ಲಿ ಇಡೀ ವಿಷಯದ ತಿರುಳು ಇದೆ ಎಂದು ನಮಗನ್ನಿಸುತ್ತದೆ. ನಮ್ಮೊಳಗೇ ಮುಗಿಯುವ ಕೆಲಸಕ್ಕೆ ಯಾರನ್ನೂ ಕೇಳಬೇಕಿಲ್ಲ. ನಮ್ಮ ಗೋಡೆಯನ್ನು ದಾಟಿ ಇನ್ನೊಬ್ಬರನ್ನು ಮುಟ್ಟುವ ಕೆಲಸಕ್ಕೆ ಕೇಳಬೇಕು. ಇದು ಇಂಗ್ಲಿಷರು ಬಿಟ್ಟುಹೋದ ಕಚೇರಿಯ ಕಟ್ಟಳೆ ಎಂದು ತಿಳಿದಿರುವವರು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಕ್ರಿಸ್ತಶಕ ಏಳನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಮುಸ್ಲಿಮರು ಫುಸ್ತಾತ್ ಎಂಬ ಹೊಸ ಪಟ್ಟಣ ಕಟ್ಟಿದರು. ಇಂದಿನ ಕೈರೋ ನಗರದ ಹಳೆಯ ಭಾಗ ಅದು. ಅಲ್ಲಿ ಖಾರಿಜಾ ಬಿನ್ ಹುದಾಫಾ ಎಂಬ ಗಣ್ಯರು ತಮ್ಮ ಮನೆಯ ಮೇಲೊಂದು ಮಹಡಿ ಕೋಣೆ ಏರಿಸಿದರು. ಸುದ್ದಿ ಮದೀನಾದಲ್ಲಿದ್ದ ಖಲೀಫ ಉಮರ್(ರ) ಅವರಿಗೆ ಮುಟ್ಟಿತು. ಅವರು ರಾಜ್ಯಪಾಲ ಅಮ್ರ್ ಬಿನ್ ಆಸ್ ಅವರಿಗೆ ಪತ್ರ ಬರೆದರು. ಒಂಬತ್ತನೇ ಶತಮಾನದ ಇತಿಹಾಸಕಾರ ಇಬ್ನ್ ಅಬ್ದುಲ್ ಹಕಮ್ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಒಂದು ವರದಿಯ ಪ್ರಕಾರ, ನೆರೆಹೊರೆಯವರ ಮರ್ಯಾದೆಗೆ ಧಕ್ಕೆ ತರುವ ಆ ಕೋಣೆಯನ್ನು ಕೆಡವಬೇಕೆಂದು ಆದೇಶವಾಯಿತು. ಇನ್ನೊಂದು ವರದಿಯಲ್ಲಿ ಒಂದು ಪರೀಕ್ಷೆಯ ಮಾತಿದೆ. ಕೋಣೆಯಲ್ಲಿ ಒಂದು ಮಂಚ ಹಾಕಿ, ತೀರ ಎತ್ತರವೂ ಅಲ್ಲದ ತೀರ ಗಿಡ್ಡನೂ ಅಲ್ಲದ ಒಬ್ಬನನ್ನು ಅದರ ಮೇಲೆ ನಿಲ್ಲಿಸಿ. ಅವನಿಗೆ ಕಿಂಡಿಯಿಂದ ಹೊರಗೆ ಕಂಡರೆ ಮಾತ್ರ ಕೆಡವಿ.

ಈ ಎರಡನೆಯ ವರದಿ ನಮಗೆ ಬಹಳ ಇಷ್ಟ. ಕಟ್ಟಿದವರು ಯಾರು, ಯಾವ ಮನೆತನದವರು, ಯಾರ ಪಕ್ಷದವರು ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಪಕ್ಕದ ಮನೆಯವರಿಗೆ ತೊಂದರೆಯಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಾರಿಯ ಸಿಟ್ಟೂ ಅಲ್ಲ, ದೂರು ಕೊಟ್ಟವರ ಮಾತೂ ಅಲ್ಲ. ಒಂದು ಮಂಚ, ಸಾಧಾರಣ ಎತ್ತರದ ಒಬ್ಬ ಮನುಷ್ಯ.

ಉಸ್ಮಾನಿ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ‘ಮಜಲ್ಲಾ’ ಎಂಬ ಸಿವಿಲ್ ಸಂಹಿತೆಯನ್ನು ಸಂಕಲಿಸಲಾಯಿತು. ಹನಫಿ ಫಿಕ್ಹ್ ಅನ್ನು ಆಧರಿಸಿದ ಈ ಸಂಹಿತೆಯಲ್ಲಿ ನೆರೆಹೊರೆಯ ಕಟ್ಟಡಗಳ ಬಗ್ಗೆಯೇ ಹಲವು ಕಲಮುಗಳಿವೆ. ತನ್ನ ಆಸ್ತಿಯಲ್ಲಿ ತನಗೆ ಬೇಕಾದ್ದು ಮಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎಂದು ಅದು ಮೊದಲೇ ಒಪ್ಪುತ್ತದೆ. ನೆರೆಯವನಿಗೆ ವಿಪರೀತ ಹಾನಿಯಾಗುವಲ್ಲಿ ಆ ಹಕ್ಕು ನಿಲ್ಲುತ್ತದೆ. ಹಾನಿ ಎಂದರೇನು? ಒಬ್ಬನ ಕೋಣೆಗೆ ಒಂದೇ ಕಿಟಕಿ ಇದ್ದು, ನಾವು ಎಬ್ಬಿಸಿದ ಗೋಡೆಯಿಂದ ಆ ಕೋಣೆಯಲ್ಲಿ ಅಕ್ಷರ ಓದಲಾಗದಷ್ಟು ಕತ್ತಲಾದರೆ ಅದು ಹಾನಿ. ಬಾಗಿಲಿನಿಂದ ಬೆಳಕು ಬರುತ್ತದಲ್ಲ ಎಂದು ವಾದಿಸುವಂತಿಲ್ಲ, ಏಕೆಂದರೆ ಚಳಿಯಲ್ಲಿ ಬಾಗಿಲು ಮುಚ್ಚಬೇಕಾಗುತ್ತದೆ. ಕೋಣೆಗೆ ಎರಡು ಕಿಟಕಿಗಳಿದ್ದು ಒಂದು ಮಾತ್ರ ಮುಚ್ಚಿಹೋದರೆ ಅದನ್ನು ವಿಪರೀತ ಹಾನಿ ಎನ್ನಲಾಗದು. ನಮ್ಮ ಹೊಸ ಕಿಟಕಿಯಿಂದ ಪಕ್ಕದ ಮನೆಯ ಅಡುಗೆಮನೆ, ಬಾವಿಕಟ್ಟೆ, ಅಂಗಳ ಮೊದಲಾದ ಹೆಂಗಸರು ಓಡಾಡುವ ಜಾಗ ಕಂಡರೆ ಅದೂ ಹಾನಿಯೇ. ಆಗ ನಾವು ಮರೆ ಕಟ್ಟಬೇಕು, ಆದರೆ ಕಿಟಕಿಯನ್ನೇ ಮುಚ್ಚಿಬಿಡು ಎಂದು ನಮ್ಮನ್ನು ಬಲವಂತ ಮಾಡುವಂತಿಲ್ಲ. ಇಷ್ಟು ಸಣ್ಣ ಸಣ್ಣ ಸಂಗತಿಗಳನ್ನು ಕೂತು ಯೋಚಿಸಿದವರು ಧರ್ಮಶಾಸ್ತ್ರದ ವಿದ್ವಾಂಸರು. ಅವರಿಗಿಂತ ಐದು ಶತಮಾನಗಳ ಹಿಂದೆಯೇ ಟ್ಯುನೀಸ್ ನಗರದ ಇಬ್ನ್ ಅಲ್ ರಾಮಿ ಎಂಬ ಗಾರೆ ಮೇಸ್ತ್ರಿ, ಖಾಜಿಯ ನ್ಯಾಯಾಲಯಕ್ಕೆ ಕಟ್ಟಡ ತಜ್ಞನಾಗಿ ಹೋಗಿಬಂದ ಅನುಭವದಿಂದ, ಗೋಡೆ, ಚರಂಡಿ, ಓಣಿಗಳ ತಕರಾರುಗಳ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದಿದ್ದ.

ದಾರಿಯ ಅಗಲದ ಬಗ್ಗೆ ಜಗಳ ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ) ತೀರ್ಮಾನಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಇಂದು ಸೆಟ್‌ಬ್ಯಾಕ್ ಎಂದರೆ ನಮಗೆ ಎಂಜಿನಿಯರ್ ಹೇಳುವ ಒಂದು ತಲೆನೋವಿನ ಪದ. ಅದರೊಳಗಿರುವುದು ಗಾಳಿ, ಬೆಳಕು, ಬೆಂಕಿ ಬಿದ್ದಾಗ ಒಳಬರಬೇಕಾದ ನೀರಿನ ಗಾಡಿ, ಜನಾಜಾ ಹೊತ್ತು ನಡೆಯಲು ಬೇಕಾದ ಅಗಲ. ನಮ್ಮ ಎಷ್ಟೋ ಮೊಹಲ್ಲಾಗಳ ಓಣಿಗಳಲ್ಲಿ ಡೋಲಿಯನ್ನು ಓರೆ ಮಾಡದೆ ತಿರುಗಿಸಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಓಣಿಯನ್ನು ಕಿರಿದು ಮಾಡಿದ್ದು ಸರಕಾರವಲ್ಲ. ಒಬ್ಬರು ಮೆಟ್ಟಿಲು ಹೊರಗಿಟ್ಟರು, ಇನ್ನೊಬ್ಬರು ಜಗಲಿ ಎಳೆದರು, ಮತ್ತೊಬ್ಬರು ಸಜ್ಜಾದ ಮೇಲೆ ಕೋಣೆ ಕಟ್ಟಿದರು.

ಬೇರೆಯವರ ಮನೆಯೊಳಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬಾರದು ಎಂಬ ಕುರ್‌ಆನಿನ ಆದೇಶ ಅನ್ನೂರ್ ಅಧ್ಯಾಯದಲ್ಲಿದೆ. ನಮ್ಮ ಮಕ್ಕಳಿಗೆ ಇದನ್ನು ಮದರಸಾದಲ್ಲೇ ಕಲಿಸುತ್ತೇವೆ. ಇಜಾಜತ್ ಕೇಳದೆ ಬಾಗಿಲು ದಾಟಿದ ಹುಡುಗನಿಗೆ ಗದರುತ್ತೇವೆ. ಆದರೆ ಕಾಲಿನಿಂದ ಮಾತ್ರ ಮನೆಯೊಳಗೆ ಹೋಗಬಹುದೆಂದು ಯಾರು ಹೇಳಿದರು? ನಮ್ಮ ತಾರಸಿಯ ಮಳೆನೀರು ಅವರ ಗೋಡೆಗಿಳಿದಾಗ ನಾವು ಅವರ ಮನೆಯೊಳಗೆ ಹೋಗಿದ್ದೇವೆ. ನಮ್ಮ ಮೂರನೇ ಮಹಡಿಯ ನೆರಳು ಅವರ ಅಂಗಳದಲ್ಲಿ ಬಿದ್ದಾಗ ಹೋಗಿದ್ದೇವೆ. ನಮ್ಮ ಶೌಚಾಲಯದ ಗುಂಡಿ ಅವರ ಬಾವಿಯ ಮಗ್ಗುಲಲ್ಲಿ ಇಳಿದಾಗ, ಯಾವ ಸಲಾಮನ್ನೂ ಹೇಳದೆ, ಅವರ ಕುಡಿಯುವ ಲೋಟದವರೆಗೂ ಹೋಗಿದ್ದೇವೆ.

ಇಲ್ಲಿ ನಮ್ಮ ಉಲಮಾಗಳು ಹೇಳುವ ಒಂದು ಭೇದವನ್ನು ನೆನಪಿಸಿಕೊಳ್ಳಬೇಕು. ಹುಕೂಕುಲ್ಲಾಹ್ ಎಂದರೆ ಅಲ್ಲಾಹನ ಹಕ್ಕುಗಳು, ಹುಕೂಕುಲ್ ಇಬಾದ್ ಎಂದರೆ ಜನರ ಹಕ್ಕುಗಳು. ಮೊದಲನೆಯದರಲ್ಲಿ ಲೋಪವಾದರೆ ಪಶ್ಚಾತ್ತಾಪ ಪಟ್ಟು ಅಲ್ಲಾಹನಲ್ಲಿ ಕ್ಷಮೆ ಬೇಡಬಹುದು. ಎರಡನೆಯದರಲ್ಲಿ ಹಾಗಾಗದು. ಯಾರ ಹಕ್ಕನ್ನು ಕಸಿದಿದ್ದೇವೋ ಅವರು ಮಾಫ್ ಮಾಡಬೇಕು, ಇಲ್ಲವೇ ನಾವದನ್ನು ಹಿಂದಿರುಗಿಸಬೇಕು. ಹಜ್ಜಿಗೆ ಹೊರಡುವವರು ಮನೆಮನೆಗೆ ಹೋಗಿ ಮಾಫಿ ಕೇಳುವ ಪದ್ಧತಿ ಬಂದಿರುವುದು ಇದರಿಂದಲೇ. ಆದರೆ ಹಾಗೆ ಕೇಳಲು ಬಂದವರ ಎರಡಡಿ ಗೋಡೆ ನಮ್ಮ ಜಾಗದಲ್ಲಿದ್ದರೆ, ಅವರು ಗೋಡೆಯ ಮಾತೆತ್ತದೆ ಕೈಹಿಡಿದು ಹೋಗುವುದನ್ನೂ ನಾವು ನೋಡಿದ್ದೇವೆ.

ಪರವಾನಗಿ ಇಲ್ಲದೆ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪಿಬಿಡುವ ಯೋಜನೆಗಳನ್ನು ಈ ಭೇದದ ಬೆಳಕಿನಲ್ಲಿ ನೋಡಬೇಕು. ನಮ್ಮ ರಾಜ್ಯದ ‘ಅಕ್ರಮ ಸಕ್ರಮ’ ಅಂಥದ್ದು. ಅದಕ್ಕಾಗಿ 2007ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ತಿದ್ದುಪಡಿಯಾಯಿತು. ವಾಸದ ಮನೆಗಳಲ್ಲಿ ಶೇಕಡ 50ರವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡ 25ರವರೆಗೆ ನಿಯಮ ಮೀರಿದ್ದನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸುವುದು ಅದರ ಉದ್ದೇಶ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ಬಡವರ ಮನೆಗಳನ್ನು ಉಳಿಸುವ ಮಟ್ಟಿಗೆ ಇಂಥ ಯೋಜನೆಯಲ್ಲಿ ಕರುಣೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಗೋಡೆಯಿಂದ ಬೆಳಕು ಕಳೆದುಕೊಂಡವರು ಪಕ್ಕದ ಮನೆಯವರು, ಶುಲ್ಕ ಪಡೆದು ಕ್ಷಮಿಸುವುದು ಸರಕಾರ. ಬೇರೆಯವರ ಹಕ್ಕನ್ನು ಮಾಫ್ ಮಾಡುವ ಅಧಿಕಾರ ಸರಕಾರಕ್ಕೆ ಎಲ್ಲಿಂದ ಬಂತು? ಲಂಚ ಕೊಟ್ಟು ಪಡೆದ ಲೈಸೆನ್ಸಿನ ಕತೆಯೂ ಇದೇ. ಸುಮ್ಮನಿರಬೇಕಾದವರು ಒಬ್ಬರು, ಸುಮ್ಮನಿರಲು ದುಡ್ಡು ಪಡೆದವರು ಇನ್ನೊಬ್ಬರು.

ಮಾರಿದ ಕ್ಷಮೆಯ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಟರ್ಕಿಯ ಕಡೆ ನೋಡಬೇಕು. ಅಲ್ಲಿನ ಸರಕಾರ 2018ರಲ್ಲಿ, ಚುನಾವಣೆಗೆ ಕೆಲವೇ ವಾರ ಮೊದಲು, ‘ಇಮಾರ್ ಬಾರಿಶಿ’ ಎಂಬ ಯೋಜನೆ ತಂದಿತು. ಕಟ್ಟಡ ನಿಯಮಗಳ ವಿಷಯದಲ್ಲಿ ಒಂದು ರಾಜಿ ಎಂದು ಅದರ ಅರ್ಥ. ಅನುಮತಿ ಇಲ್ಲದ ಕಟ್ಟಡಕ್ಕೂ, ಅನುಮತಿ ಮೀರಿ ಏರಿಸಿದ ಮಹಡಿಗೂ ಹಣ ಕಟ್ಟಿದರೆ ನೋಂದಣಿ ಪತ್ರ ಸಿಗುತ್ತಿತ್ತು. ಕಟ್ಟಡ ಭೂಕಂಪವನ್ನು ತಾಳುತ್ತದೆಯೇ ಎಂಬುದು ಮಾಲಿಕರ ಹೊಣೆ ಎಂದು ಆ ಕಾನೂನಿನಲ್ಲೇ ಬರೆದಿತ್ತು. 2019ರ ಸ್ಥಳೀಯ ಚುನಾವಣೆಯ ಪ್ರಚಾರದಲ್ಲಿ ಅಧ್ಯಕ್ಷ ಎರ್ಡೊಗಾನ್ ಮರಾಶ್ ನಗರಕ್ಕೆ ಹೋಗಿ, ಅಲ್ಲಿನ 1,44,000ಕ್ಕೂ ಹೆಚ್ಚು ನಾಗರಿಕರ ಸಮಸ್ಯೆಯನ್ನು ಈ ಯೋಜನೆಯಿಂದ ಬಗೆಹರಿಸಿದ್ದೇವೆ ಎಂದು ಹೇಳಿಕೊಂಡರು. 2023ರ ಫೆಬ್ರವರಿ 6ರಂದು ಸಂಭವಿಸಿದ ಎರಡು ಭೂಕಂಪಗಳ ಕೇಂದ್ರ ಇದೇ ಮರಾಶ್ ಪ್ರಾಂತ್ಯ. ಟರ್ಕಿಯೊಂದರಲ್ಲೇ ಸತ್ತವರು 50,000ಕ್ಕೂ ಹೆಚ್ಚು. ಅಷ್ಟೂ ಸಾವಿಗೆ ಈ ರಾಜಿಯೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಹಳೆಯ ಕಟ್ಟಡಗಳು, ಕಳಪೆ ಕಾಂಕ್ರೀಟು, ಸಡಿಲ ತಪಾಸಣೆ ಎಲ್ಲವೂ ಸೇರಿದ್ದವು. ಆದರೆ ಸರಕಾರ ಕಾಗದದಲ್ಲಿ ಕ್ಷಮಿಸಿದ್ದನ್ನು ಭೂಮಿ ಕ್ಷಮಿಸಲಿಲ್ಲ ಎಂಬುದಂತೂ ನಿಜ.

ಭೂಕಂಪವೇ ಆಗಬೇಕೆಂದೇನೂ ಇಲ್ಲ. ಮುಂಬೈಯ ಘಾಟ್ಕೋಪರಿನಲ್ಲಿ 2017ರ ಜುಲೈ 25ರಂದು ನಾಲ್ಕು ಮಹಡಿಯ ಒಂದು ವಸತಿ ಕಟ್ಟಡ ಕುಸಿದು 17 ಮಂದಿ ಸತ್ತರು. ನೆಲಮಹಡಿಯಲ್ಲಿ ನವೀಕರಣದ ಕೆಲಸ ನಡೆದಿತ್ತು. ಆ ಕೆಲಸದಲ್ಲಿ ಕಂಬಗಳಿಗೆ ಕೈಹಾಕಿದ್ದರಿಂದಲೇ ಕಟ್ಟಡ ಬಿತ್ತು ಎಂಬುದು ನಿವಾಸಿಗಳ ಆರೋಪವಾಗಿತ್ತು. ಕೆಳಗೆ ಯಾವ ಗೋಡೆ ಒಡೆಯುತ್ತಿದ್ದಾರೆಂದು ಮೇಲಿನ ಮಹಡಿಯಲ್ಲಿ ಅಡುಗೆ ಮಾಡುತ್ತಿದ್ದವರಿಗೆ ಹೇಗೆ ತಿಳಿಯಬೇಕು? ಅವರ ಪರವಾಗಿ ಯಾರಾದರೂ ಒಬ್ಬರು ನಕ್ಷೆ ನೋಡಿ, ಈ ಕಂಬ ಮುಟ್ಟಬೇಡಿ ಎಂದು ಹೇಳಬೇಕಿತ್ತು. ಹಾಗೆ ಹೇಳುವುದಕ್ಕೇ ಪರವಾನಗಿ ಎಂಬ ವ್ಯವಸ್ಥೆ ಇರುವುದು. ನಮ್ಮ ಮೇಲೆ ಕೆಳಗೆ ಇರುವವರು, ನಾಳೆ ಬಾಡಿಗೆಗೆ ಬರುವವರು, ಇನ್ನೂ ಹುಟ್ಟದ ಮೊಮ್ಮಕ್ಕಳು, ಇವರೆಲ್ಲ ನಮ್ಮ ಜಗಲಿಗೆ ಬಂದು ಕೇಳಲಾರರು. ಅವರ ಬದಲಿಗೆ ಕೇಳುವ ಕೆಲಸವನ್ನು ಊರು ಒಂದು ಕಚೇರಿಗೆ ವಹಿಸಿದೆ.

ಆ ಕಚೇರಿ ತನ್ನ ಕೆಲಸ ಮಾಡುತ್ತಿದೆಯೇ? ಈ ಪ್ರಶ್ನೆ ಕೇಳದೆ ಮನೆಯವರಿಗೆ ಮಾತ್ರ ಬುದ್ಧಿ ಹೇಳಿದರೆ ಅದು ಅನ್ಯಾಯವಾಗುತ್ತದೆ. ಪಟ್ಟಣದ ಅಂಚಿನ ಕಂದಾಯ ನಿವೇಶನದಲ್ಲಿ ಮನೆ ಮಾಡಿಕೊಂಡವರಿಗೆ ಸರಿಯಾದ ಖಾತೆ ಸುಲಭವಾಗಿ ಸಿಗುವುದಿಲ್ಲ, ಅದಿಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ಆದರೂ ಅವರ ಮಗಳ ಹೆರಿಗೆಗೊಂದು ಕೋಣೆ ಬೇಕೇ ಬೇಕು. ಪಾಲಿಸಲಾಗದ ನಿಯಮವನ್ನು ಮಾಡಿಟ್ಟು, ಪಾಲಿಸಲಿಲ್ಲವೆಂದು ಬೆರಳು ತೋರಿಸುವುದು ಸುಲಭ. ಹೊಸ ಬಡಾವಣೆಗಳಲ್ಲಿ ಮನೆ ಸಿಗದೆ ಮುಸ್ಲಿಮರು ಒತ್ತೊತ್ತಾಗಿ ಒಂದೇ ಕಡೆ ಸೇರಿಕೊಳ್ಳುತ್ತಿರುವುದನ್ನು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತ್ತು. ಅಕ್ಕಪಕ್ಕಕ್ಕೆ ಹೋಗಲು ಬಿಡದಿದ್ದರೆ ಮನೆ ಮೇಲಕ್ಕೇ ಬೆಳೆಯುತ್ತದೆ. ನಾಗರಿಕರಿಗೆ ಕಾಲಮಿತಿಯೊಳಗೆ ಸೇವೆ ಸಿಗಲೆಂದು 2011ರಲ್ಲಿ ‘ಸಕಾಲ’ ಕಾಯ್ದೆ ಬಂತು. ಆದರೂ ಮಧ್ಯವರ್ತಿಯ ಸ್ಕೂಟರು ಕಚೇರಿಯ ಮುಂದೆ ನಿಲ್ಲುವುದು ತಪ್ಪಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. 2022ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ಖರ್ಗೋನಿನಲ್ಲಿ, ದೆಹಲಿಯ ಜಹಾಂಗೀರ್‌ಪುರಿಯಲ್ಲಿ ಗಲಭೆಗಳಾದವು. ಅವುಗಳ ಬೆನ್ನಿಗೇ ಬುಲ್ಡೋಜರುಗಳು ಬಂದವು. ಅಕ್ರಮ ನಿರ್ಮಾಣ ತೆರವು ಎಂದು ಅಧಿಕಾರಿಗಳು ಹೇಳಿದರು. ವರ್ಷಗಟ್ಟಲೆ ಕಾಣದ ಅಕ್ರಮ ಗಲಭೆಯಾದ ವಾರದಲ್ಲೇ ಕಂಡರೆ ಅದನ್ನು ಕಾನೂನು ಎನ್ನುವುದು ಹೇಗೆ? ಉಮರ್ ಅವರ ಮಂಚದ ಪರೀಕ್ಷೆಗೆ ತದ್ವಿರುದ್ಧವಾದ ನಡೆ ಇದು. ಅಲ್ಲಿ ಕಟ್ಟಿದವರು ಯಾರೆಂದು ಕೇಳಲಿಲ್ಲ, ಇಲ್ಲಿ ಅದನ್ನು ಬಿಟ್ಟು ಬೇರೇನನ್ನೂ ಕೇಳಲಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. 15 ದಿನಗಳ ನೋಟಿಸ್ ಕೊಡಬೇಕು, ಮನೆಯವರ ಮಾತು ಕೇಳಬೇಕು, ತೆರವನ್ನು ವಿಡಿಯೋ ಮಾಡಬೇಕು, ನಿಯಮ ಮೀರಿದ ಅಧಿಕಾರಿ ತನ್ನ ಕೈಯಿಂದ ನಷ್ಟ ತುಂಬಬೇಕು ಎಂದಿತು. ರಸ್ತೆ, ಫುಟ್‌ಪಾತು, ಜಲಮೂಲಗಳಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲವೆಂದೂ ಹೇಳಿತು. ಅದೇ ಕೋರ್ಟಿನ ಇನ್ನೊಂದು ಪೀಠ ಡಿಸೆಂಬರ್ 17ರಂದು ಬೇರೊಂದು ಪ್ರಕರಣದಲ್ಲಿ, ಎಷ್ಟು ವರ್ಷ ಕಳೆದರೂ ಎಷ್ಟು ಹಣ ಸುರಿದಿದ್ದರೂ ಅನುಮತಿ ಇಲ್ಲದ ನಿರ್ಮಾಣ ಸಕ್ರಮವಾಗದು ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದನ್ನು ನಾವು ಮಸೀದಿಯ ಮುಂದೆ ನಿಂತು ಮಾತಾಡಿಕೊಂಡೆವು, ಎರಡನೆಯದರ ಬಗ್ಗೆ ಸುಮ್ಮನಾದೆವು.

ಬುಲ್ಡೋಜರಿನ ಹೆದರಿಕೆಯಿಂದ ಕಾಗದಪತ್ರ ಸರಿಪಡಿಸಿಕೊಳ್ಳಿ ಎಂದು ಈಗ ಜಮಾತುಗಳಲ್ಲಿ ಹೇಳುತ್ತಿದ್ದಾರೆ. ಒಳ್ಳೆಯ ಸಲಹೆಯೇ. ಆದರೆ ಹೆದರಿಕೆಯಿಂದ ಮಾಡಿದ್ದು ಹೆದರಿಕೆ ಹೋದ ದಿನ ನಿಲ್ಲುತ್ತದೆ. ಅನ್ಯಾಯದ ಕೈ ನಮ್ಮ ಮೇಲೆ ಎದ್ದಿದೆ ಎಂಬ ಕಾರಣಕ್ಕೆ ಪಕ್ಕದ ಮನೆಯವರಿಗೆ ನಾವು ಕೊಡಬೇಕಾದ ಬೆಳಕಿನ ಸಾಲ ತೀರುವುದಿಲ್ಲ. ಆ ಪಕ್ಕದ ಮನೆಯವರೂ ಹೆಚ್ಚಾಗಿ ನಮ್ಮವರೇ, ನಮ್ಮಷ್ಟೇ ಇಕ್ಕಟ್ಟಿನಲ್ಲಿ ಇರುವವರು.

ಅಧಿಕಾರ ಮತ್ತು ಮನೆ ಎದುರುಬದುರಾದ ಇನ್ನೊಂದು ಪ್ರಸಂಗವನ್ನು ಹದೀಸ್ ಸಂಗ್ರಹಗಳು ಉಲ್ಲೇಖಿಸುತ್ತವೆ. ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್(ರ) ಅವರ ಮಾಡಿನ ನೀರಿನ ದೋಣಿಯಿಂದ ದಾರಿಗೆ ನೀರು ಬೀಳುತ್ತಿತ್ತು. ಖಲೀಫ ಉಮರ್(ರ) ಅದನ್ನು ಕೀಳಿಸಿದರು. ಆ ದೋಣಿಯನ್ನು ಅಲ್ಲಿ ಇಟ್ಟವರು ಸ್ವತಃ ಪ್ರವಾದಿಯವರೇ ಎಂದು ಅಬ್ಬಾಸ್ ತಿಳಿಸಿದಾಗ, ಉಮರ್ ತಮ್ಮ ಬೆನ್ನನ್ನೇ ಬಾಗಿಸಿ, ಅದರ ಮೇಲೆ ಹತ್ತಿ ನಿಂತು ದೋಣಿಯನ್ನು ಮೊದಲಿನ ಜಾಗದಲ್ಲೇ ಇಡುವಂತೆ ಒತ್ತಾಯಿಸಿದರಂತೆ. ಕೀಳುವ ಅಧಿಕಾರ ಇರುವವರಿಗೆ ಬಾಗುವ ಬೆನ್ನೂ ಇರಬೇಕು. ಅಂಥ ಬೆನ್ನು ನಮ್ಮ ಕಚೇರಿಗಳಲ್ಲಿ ಇಲ್ಲವೆಂದು ದೂರುವುದು ನ್ಯಾಯ, ಕೋರ್ಟಿನವರೆಗೂ ಹೋಗಿ ದೂರಬೇಕು. ದೂರುತ್ತಲೇ ನಮ್ಮ ಪಾಲಿನದನ್ನು ಮಾಡಬೇಕು.

ನಮ್ಮ ಪಾಲಿನದು ದೊಡ್ಡದೇನಲ್ಲ. ಕೋಣೆ ಏರಿಸಬೇಕೆಂದಾಗ ಆ ನಕ್ಷೆ ಕಚೇರಿಗೆ ಹೋಗುವ ಮೊದಲು ಪಕ್ಕದ ಮನೆಯ ಜಗಲಿಗೆ ಹೋಗಲಿ. ಇಲ್ಲಿ ಗೋಡೆ ಬರುತ್ತದೆ, ನಿಮ್ಮ ಅಡುಗೆಮನೆಗೆ ಕತ್ತಲಾಗುತ್ತದೆಯೇ ಎಂದು ಆ ಮನೆಯ ಹೆಂಗಸರನ್ನೂ ಕೇಳೋಣ. ಅಡುಗೆಮನೆಯ ಬೆಳಕಿನ ಲೆಕ್ಕ ಗೊತ್ತಿರುವುದು ಅವರಿಗೇ. ಕೇಳಿಸಿಕೊಂಡವರಿಗೂ ಒಂದು ಕರ್ತವ್ಯ ಇದೆ. ನೆರೆಯವನು ತನ್ನ ಗೋಡೆಗೆ ತೊಲೆ ಊರಲು ಬಂದರೆ ತಡೆಯಬಾರದು ಎಂಬ ಹದೀಸ್ ಇದೆ. ಹಳೆಯ ಜಗಳದ ಸೇಡಿಗೆ ಪುರಸಭೆಗೆ ಹೆಸರಿಲ್ಲದ ಅರ್ಜಿ ಹಾಕುವವರು ಅದನ್ನು ನೆನೆಯಬೇಕು. ಪ್ರತಿ ಮೊಹಲ್ಲಾದಲ್ಲೂ ಈಗ ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರಿದ್ದಾರೆ. ಬಡವರ ಮನೆಯ ಕಂಬ, ತೊಲೆಗಳನ್ನು ಅವರು ಒಮ್ಮೆ ನೋಡಿ ಹೇಳಿದರೆ ಅದೂ ಸದಖಾ. ಜುಮಾ ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಓಣಿಯ ಅಗಲದ ಮಾತು ಬರಲಿ.

ಇಷ್ಟಾದ ಮೇಲೆ ಕಚೇರಿಯ ಮೆಟ್ಟಿಲು ಹತ್ತಿ ಅರ್ಜಿ ಕೊಡೋಣ, ರಸೀದಿ ಕೇಳಿ ಪಡೆಯೋಣ. ಮಾಮೂಲು ಕೇಳಿದವರಿಗೆ ಇಲ್ಲ ಎನ್ನೋಣ. ಆಗ ಯಾರನ್ನು ಕೇಳಬೇಕು ಎಂಬ ನಮ್ಮ ಸಿಟ್ಟಿನ ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಕ್ಕಿರುತ್ತದೆ. ಯಾರ ಬೆಳಕು ಹೋಗುತ್ತದೋ ಅವರನ್ನು ಕೇಳಬೇಕು. ಕೇಳಿದ್ದೇವೆ ಎನ್ನುವುದಕ್ಕೆ ಸಾಕ್ಷಿಯಾಗಿ ಕಚೇರಿಯಿಂದ ಒಂದು ಕಾಗದ ಪಡೆಯಬೇಕು.